ಗಾಲ್ಫ್‌ನಲ್ಲಿ 'ನಸಾವ್' ಬಾಜಿ ಅಂದರೆ ಏನು?

ಕೊಡಗಿನ ಬಿಟ್ಟಂಗಾಲದಲ್ಲಿ ಈಗಷ್ಟೇ ಗಾಲ್ಫ್ ಕಲಿಯುತ್ತಿದ್ದೀರಿ, ಜೊತೆಗಾರರು 'ನಸಾವ್ ಆಡೋಣ್ವಾ' ಅಂದರು, ಅಲ್ವಾ? ಅದು ಒಂದಲ್ಲ, ಮೂರು ಬಾಜಿ: ಮೊದಲ 9 ಹೋಲ್‌ಗೆ ಒಂದು, ಕೊನೆಯ 9ಕ್ಕೆ ಒಂದು, ಪೂರ್ತಿ 18ಕ್ಕೆ ಇನ್ನೊಂದು. ಹಾಗಾಗಿ 'ನೂರು ರೂಪಾಯಿ' ಅಂದರೆ, ಮೂರೂ ಸೋತಾಗ 300 ಹೋಗುತ್ತದೆ. ಸೋಲುತ್ತಿರುವವರು ನಡುವೆ 'ಪ್ರೆಸ್' ಅಂದರೆ ಉಳಿದ ಹೋಲ್‌ಗಳಿಗೆ ಹೊಸ ಬಾಜಿ ಶುರು, ಲೆಕ್ಕ ಜಾಸ್ತಿಯಾಗೋದು ಇಲ್ಲೇ, ಅದನ್ನು ಮೊದಲೇ ಬೇಡ ಅನ್ನಿ.

ನನ್ನ ಮಾತು ಕೇಳಿ, ದುಡ್ಡಿನ ಬದಲು ಕಾಫಿ ಪಣ ಇಡಿ. ಆನ್‌ಲೈನ್‌ನಲ್ಲಂತೂ ಹಣ ಕಟ್ಟಲೇಬೇಡಿ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅದನ್ನು ನಿಷೇಧಿಸಿದೆ.

ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ತೋರಿಸುವ ಅಂಕೆ, ಕಡಿಮೆ ಇದ್ದಷ್ಟೂ ಆಟ ಚೆನ್ನ) ಮರೆಯಬೇಡಿ. ನಿಮ್ಮದು 24, ಅವರದು 10 ಆದರೆ ನಿಮಗೆ 14 ಹೊಡೆತಗಳ ರಿಯಾಯಿತಿ. ಯಾವ ಹೋಲ್‌ಗಳಲ್ಲಿ ಅಂತ ಸ್ಕೋರ್‌ಕಾರ್ಡ್‌ನ ಸ್ಟ್ರೋಕ್ ಇಂಡೆಕ್ಸ್, ಅಂದರೆ ಹೋಲ್‌ಗಳ ಕಷ್ಟದ ಕ್ರಮಾಂಕ, ಹೇಳುತ್ತದೆ.