ಪ್ರತಿಕ್ರಿಯೆ: ಹಳೆಯ ನುಡಿ ಕಡತದಲ್ಲಿ ಕನ್ನಡ ಕಾಣುತ್ತಿಲ್ಲ

ಹೊಸ ಕಂಪ್ಯೂಟರಿನಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ನಿಮ್ಮ ಹಳೆಯ ಕಡತ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಲು ಕಾರಣ ಬಹುತೇಕ ಫಾಂಟ್ ಇಲ್ಲದಿರುವುದು, ಕಡತ ಕೆಟ್ಟಿಲ್ಲ. ಆಗ ಟೈಪ್ ಮಾಡಿದ್ದು, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ಕೂರಿಸಿದ ಫಾಂಟಿನಲ್ಲಿ.

‘ಈ ಕಾಲದಲ್ಲೂ ಹಳೇ ನುಡಿಯಾ?’ ಎಂದು ಮೇಲೆ ಕೇಳಿದವರೇ, ಅದು ಉತ್ತರವಲ್ಲ. ಹಳೆಯ ಕಡತ ಇಟ್ಟುಕೊಂಡವರಿಗೆ ಹಳೆಯ ತಂತ್ರಾಂಶ ಬೇಕಾಗುತ್ತದೆ. ಹೊಸಬರು ಬಂದರೆ ಆವೃತ್ತಿ ಯಾವುದು, ಆಗಬೇಕಾದ ಕೆಲಸವೇನು ಎಂದು ಮೊದಲು ಕೇಳಿ.

ಕಡತದ ಪ್ರತಿ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಪ್ರತಿಯನ್ನು ವರ್ಡ್‌ನಲ್ಲಿ ತೆರೆದು ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಫಾಂಟ್ ಪೆಟ್ಟಿಗೆಯಲ್ಲಿ ‘ನುಡಿ 01 ಇ’ ಥರದ ಹೆಸರು ಕಾಣುತ್ತದೆ. ‘ಬಿಆರ್‌ಎಚ್’ ಎಂದು ಶುರುವಾದರೆ ಅದು ‘ಬರಹ’ ಎಂಬ ಇನ್ನೊಂದು ಕನ್ನಡ ತಂತ್ರಾಂಶದ ಫಾಂಟ್. ಅದೇ ಫಾಂಟನ್ನು ಹಳೆಯ ಕಂಪ್ಯೂಟರಿನಿಂದ ತಂದು ಇನ್‌ಸ್ಟಾಲ್ ಮಾಡಿ, ವರ್ಡ್ ಮುಚ್ಚಿ ಮತ್ತೆ ತೆರೆಯಿರಿ. ಓದಲು, ಪ್ರಿಂಟ್ ತೆಗೆಯಲು ಇಷ್ಟು ಸಾಕು.

ಮೊಬೈಲಿಗೆ ಕಳಿಸಬೇಕಿದ್ದರೆ ಮಾತ್ರ ಆಸ್ಕಿಯಿಂದ (ಮೇಲೆ ಹೇಳಿದ ಇಂಗ್ಲಿಷ್ ಅಕ್ಷರಗಳ ಸಂಕೇತದಿಂದ) ಯೂನಿಕೋಡ್‌ಗೆ ಪರಿವರ್ತಿಸಿ. ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳೂ ಆಗ ಅರ್ಥವಿಲ್ಲದ ಕನ್ನಡವಾಗಿಬಿಡಬಹುದು. ಅವನ್ನು ಬಿಟ್ಟು ಕನ್ನಡ ಭಾಗವನ್ನು ಮಾತ್ರ ಆಯ್ದುಕೊಳ್ಳಿ. ಅರ್ಕಾವತ್ತು, ಒತ್ತಕ್ಷರಗಳನ್ನು ಮೂಲದ ಜೊತೆ ಹೋಲಿಸಿ ನೋಡಿ.

ಆದರೂ ಸರಿಹೋಗದಿದ್ದರೆ ಫಾಂಟ್ ಪೆಟ್ಟಿಗೆಯಲ್ಲಿರುವ ಹೆಸರನ್ನು ಹಾಗೆಯೇ ಇಲ್ಲಿ ಬರೆಯಿರಿ.