ಪ್ರತಿಕ್ರಿಯೆ: ಹೆಸರು ಒಂದೇ ಅಂತ ಕಾಂಟ್ಯಾಕ್ಟ್‌ಗಳನ್ನು ಒಂದಾಗಿ ಸೇರಿಸಬೇಡಿ
ಫೋನಿನಿಂದ ಕಾಂಟ್ಯಾಕ್ಟ್ ತಂದಾಗ ಒಬ್ಬರೇ ಮೂರು ಸಲ ಕಾಣಿಸುತ್ತಾರೆ, ಹೆಸರು ಒಂದೇ ಇದ್ದರೆ ನಿಮ್ಮ ಆ್ಯಪ್ ತಾನಾಗೇ ಅವನ್ನು ಒಂದಾಗಿ ಸೇರಿಸಬಹುದಾ ಅಂತ ಕೇಳಿದ್ದೀರಿ. ಬೇಡ. ನಮ್ಮ ಕಡೆ ಯಾರ ಫೋನ್ ತೆಗೆದರೂ 'ಮಂಜುನಾಥ್ ಕೆ' ಇಬ್ಬರಾದರೂ ಸಿಗುತ್ತಾರೆ. ಅವರಲ್ಲೊಬ್ಬರು ಇನ್ನೊಂದು ಕಡೆ 'ಮಂಜು ಆಡಿಟರ್' ಆಗಿರುತ್ತಾರೆ.

ಮೊದಲು ನಂಬರುಗಳನ್ನು ಒಂದೇ ರೂಪಕ್ಕೆ ತನ್ನಿ. ಮುಂದೆ 0 ಇದ್ದದ್ದು, +91 ಇದ್ದದ್ದು, ನಡುವೆ ಜಾಗ ಬಿಟ್ಟದ್ದು, ಎಲ್ಲ ಅದೇ ನಂಬರ್ ಅಲ್ವಾ? ಗೂಗಲ್‌ನ ಲಿಬ್‌ಫೋನ್‌ನಂಬರ್ ಅನ್ನೋ ಸಿದ್ಧ ಕೋಡ್ ಲೈಬ್ರರಿ ಇವನ್ನು ಇ.164 ಮಾದರಿಗೆ (ದೇಶದ ಕೋಡ್ ಸಮೇತ ನಂಬರ್ ಬರೆಯೋ ಅಂತರರಾಷ್ಟ್ರೀಯ ರೂಪ) ತಂದುಕೊಡುತ್ತದೆ, ದುಡ್ಡೂ ಬೇಡ. ಮೊಬೈಲ್ ನಂಬರ್ ಅಥವಾ ಇಮೇಲ್ ತಾಳೆಯಾದರೆ 'ಇವರಿಬ್ಬರೂ ಒಬ್ಬರೇನಾ?' ಅಂತ ಕೇಳಿ. ಆಫೀಸಿನ ಲ್ಯಾಂಡ್‌ಲೈನ್ ಮಾತ್ರ ತಾಳೆಯಾದರೆ ಸುಮ್ನೆ ಬಿಟ್ಟುಬಿಡಿ, ಅದೊಂದು ನಂಬರಿನ ಹಿಂದೆ ಇಡೀ ಆಫೀಸೇ ಇರುತ್ತದೆ.

ಸೇರಿಸಿದ್ದನ್ನು ಬಿಡಿಸೋ ದಾರಿಯೂ ಬೇಕು. ಹಾಗಾಗಿ ಮೂಲ ಎಂಟ್ರಿಗಳನ್ನು ಅಳಿಸದೆ ಲಿಂಕ್ ಮಾತ್ರ ಮಾಡಿ. ನನ್ನ ಪ್ರಕಾರ ಇದೇ ಮುಖ್ಯ.

ಅಂದಹಾಗೆ, 2024ರಲ್ಲಿ ಬಂದ ಐಓಎಸ್ 18ರಲ್ಲಿ (ಐಫೋನಿನ ಸಾಫ್ಟ್‌ವೇರ್) ಜನ ಬೇಕಾದ ಕೆಲವೇ ಕಾಂಟ್ಯಾಕ್ಟ್ ಆರಿಸಿ ಆ್ಯಪ್‌ಗೆ ಕೊಡಬಹುದು. ಐದೇ ಹೆಸರು ಬಂದರೂ ಆ್ಯಪ್ ಕೆಲಸಕ್ಕೆ ಬರುವಂತಿರಲಿ. 'ಎಲ್ಲಾ ಕೊಡಿ' ಅಂತ ಪದೇ ಪದೇ ಪೀಡಿಸಬೇಡಿ.