ಸಕ್ಕರೆ ಕಾಯಿಲೆಯ ಬೆಕ್ಕಿಗೆ ಮನೆಯಲ್ಲಿ ರಕ್ತಪರೀಕ್ಷೆ: ನಾನು ನೋಡದೆ ಬಿಟ್ಟ ಮಧ್ಯಾಹ್ನ

ನಿಮ್ಮ ಬೆಕ್ಕಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ರಕ್ತ ನೋಡಲು ಯಾವ ಮೀಟರ್ ಕೊಳ್ಳಬೇಕು ಎಂದು ಕೇಳಿ ಬರೆದಿದ್ದೀರಿ. ನಮ್ಮ ಬೆಕ್ಕು ಗುಂಡನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ವಾರ ನಾನೂ ನಿಮ್ಮಂತೆಯೇ, ಮನುಷ್ಯರ ಗ್ಲುಕೋಮೀಟರ್ ಸಾಕೇ, ಪ್ರಾಣಿಗಳಿಗೆಂದೇ ತಯಾರಿಸಿದ್ದನ್ನು ತರಿಸಬೇಕೇ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ಉತ್ತರವೂ ಸಿಕ್ಕಿತು. ಆದರೂ ಹದಿನೆಂಟನೆಯ ದಿನ ಅವನು ನನ್ನ ಕೈಯಲ್ಲೇ ಸಾಯುವಂತಾದ. ಅದಕ್ಕೆ ಮೀಟರ್ ಕಾರಣವಾಗಿರಲಿಲ್ಲ.

ಗುಂಡನಿಗೆ ಆಗ ಒಂಬತ್ತು ವರ್ಷ, ತೂಕ ಆರೂವರೆ ಕಿಲೋ. ಬಚ್ಚಲಿನ ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯತೊಡಗಿದ್ದ. ಅವನ ಮರಳಿನ ತಟ್ಟೆಗೆ ಇರುವೆಗಳು ಸಾಲುಗಟ್ಟಿದ್ದನ್ನು ನೋಡಿ ಅಮ್ಮ, "ಇವನಿಗೂ ನನ್ನ ಕಾಯಿಲೆಯೇ ಬಂದಿದೆ ಕಣೋ" ಎಂದರು. ಪಶುವೈದ್ಯರ ಬಳಿ ರಕ್ತದ ಸಕ್ಕರೆ 412 (mg/dL) ಬಂತು. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸುಮ್ಮನೆಯೂ ಏರುವುದರಿಂದ, ಅವರು ಮೂತ್ರವನ್ನೂ, ಹಿಂದಿನ ಎರಡು ಮೂರು ವಾರಗಳ ಸರಾಸರಿಯನ್ನು ತೋರಿಸುವ ಫ್ರುಕ್ಟೋಸಮೈನ್ ಅನ್ನೂ ಪರೀಕ್ಷಿಸಿ ಖಚಿತಪಡಿಸಿಕೊಂಡರು. ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಬರೆದುಕೊಟ್ಟು, ಮನೆಯಲ್ಲೇ ಸಕ್ಕರೆ ನೋಡಿಕೊಳ್ಳಿ ಎಂದರು.

ನಾನು ಬೆಳಗ್ಗೆ 7ಕ್ಕೆ ಮತ್ತು ಸಂಜೆ 7ಕ್ಕೆ, ಚುಚ್ಚುಮದ್ದಿಗೆ ಮುಂಚೆ ನೋಡುತ್ತಿದ್ದೆ. ಅಮ್ಮನೂ ಹಾಗೆಯೇ ನೋಡಿಕೊಳ್ಳುತ್ತಿದ್ದುದರಿಂದ ಇದೇ ಕ್ರಮವೆಂದು ನಂಬಿದ್ದೆ. 310, 335, 350 ಎಂದು ಅಂಕಿಗಳು ಏರುತ್ತಲೇ ಇದ್ದವು. ಒಂದು ಯೂನಿಟ್ ಸಾಲದೆಂದು ತೀರ್ಮಾನಿಸಿ, ವೈದ್ಯರನ್ನು ಕೇಳದೆಯೇ ಎಂಟನೆಯ ದಿನ ಎರಡು, ಹದಿಮೂರನೆಯ ದಿನ ಮೂರು ಯೂನಿಟ್ ಮಾಡಿದೆ. ಬರೆದಿಟ್ಟ ಪುಸ್ತಕ ಮುಂದಿದ್ದುದರಿಂದ, ನಾನು ಲೆಕ್ಕವಿಟ್ಟೇ ಕೊಡುತ್ತಿದ್ದೇನೆ ಎಂಬ ಧೈರ್ಯ ಬೇರೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಲೇಬೇಕು. ಮುಂದಿನ ಚುಚ್ಚುಮದ್ದಿಗೆ ಮುಂಚೆ ಕಾಣುವ ಅಂಕಿ, ಹಿಂದಿನ ಇನ್ಸುಲಿನ್ನಿನ ಶಕ್ತಿ ಮುಗಿಯುತ್ತಾ ಬಂದ ಹೊತ್ತಿನ ಅಂಕಿ. ಅದು ಎಷ್ಟು ಕೆಳಗೆ ಇಳಿಸಿತ್ತು ಎಂಬುದು ಅಲ್ಲಿ ಕಾಣುವುದೇ ಇಲ್ಲ. ಅತಿ ಕಡಿಮೆ ಸಕ್ಕರೆ ಇರುವುದು ಸಾಮಾನ್ಯವಾಗಿ ಚುಚ್ಚಿದ ನಾಲ್ಕರಿಂದ ಎಂಟು ಗಂಟೆಗಳ ನಡುವೆ, ಅಂದರೆ ನಾನು ಕಚೇರಿಯಲ್ಲಿದ್ದು ಅಮ್ಮ ಮಲಗಿರುತ್ತಿದ್ದ ಮಧ್ಯಾಹ್ನ. ಇದಕ್ಕೆ ಇನ್ನೊಂದು ತೊಡಕಿದೆ: ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಾಗ ಶರೀರವು ಸಕ್ಕರೆ ಏರಿಸುವ ಹಾರ್ಮೋನುಗಳಾದ ಗ್ಲುಕಗಾನ್, ಅಡ್ರಿನಲಿನ್‌ಗಳನ್ನು ಬಿಟ್ಟು ಯಕೃತ್ತಿನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ತರುತ್ತದೆ, ಹೀಗಾಗಿ ಮಧ್ಯಾಹ್ನ ಇಳಿದ ಬೆಕ್ಕು ಕೆಲವೊಮ್ಮೆ ಸಂಜೆಗೆ ಮೊದಲಿಗಿಂತ ಹೆಚ್ಚಿನ ಅಂಕಿ ತೋರಿಸಬಹುದು. ಸಂಜೆಯ 350 ಕಂಡು ನಾನು ಇನ್ಸುಲಿನ್ ಏರಿಸಿದೆ. ಆ ಮಧ್ಯಾಹ್ನಗಳಲ್ಲಿ ಎಷ್ಟಿತ್ತು ಎಂಬುದನ್ನು ಒಂದು ದಿನವೂ ನೋಡಿರಲಿಲ್ಲ.

ಹದಿನೆಂಟನೆಯ ದಿನ ಭಾನುವಾರವಾದ್ದರಿಂದ ನಾನು ಮನೆಯಲ್ಲಿದ್ದೆ. ಒಂದೂವರೆಯ ಹೊತ್ತಿಗೆ ಮಂಚದ ಕೆಳಗಿನಿಂದ ಉಗುರು ಕೆರೆಯುವ ಸದ್ದು ಬಂತು. ಬಗ್ಗಿ ನೋಡಿದರೆ ಹಿಂಗಾಲು ಜಾರುತ್ತಿದೆ, ದವಡೆ ಅದುರುತ್ತಿದೆ, ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿಲ್ಲ. ಮೀಟರ್ 38 ತೋರಿಸಿತು. ಬೆರಳಿಗೆ ಜೇನು ಹಚ್ಚಿ ವಸಡಿಗೆ ಸವರಿದೆ (ಅರಿವಿಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸನಾಳಕ್ಕೆ ಹೋಗುತ್ತದೆ). ಆಸ್ಪತ್ರೆಯಲ್ಲಿ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣವನ್ನು ರಕ್ತನಾಳಕ್ಕೆ ಹನಿಸಿದರು. ಎರಡು ದಿನಕ್ಕೆ ಮನೆಗೆ ಬಂದನಾದರೂ ಇನ್ನೊಂದು ವಾರ ಅವನಿಗೆ ಕಣ್ಣು ಸರಿಯಾಗಿ ಕಾಣಲಿಲ್ಲ. ಊಟದ ಬಟ್ಟಲನ್ನು ಮೂಗಿನಿಂದ ಹುಡುಕುತ್ತಿದ್ದ.

ಆದ್ದರಿಂದ ಯಾವ ಮೀಟರ್ ಎಂಬ ನಿಮ್ಮ ಪ್ರಶ್ನೆಯನ್ನು ಮೊದಲ ಪ್ರಶ್ನೆಯೆಂದು ನಾನು ಒಪ್ಪುವುದಿಲ್ಲ. ಬೆಕ್ಕಿನ ರಕ್ತದಲ್ಲಿ ಸಕ್ಕರೆಯ ಬಹುಪಾಲು ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಇರುತ್ತದೆ, ಕೆಂಪು ಕಣಗಳಲ್ಲಿ ತೀರ ಕಡಿಮೆ. ಮನುಷ್ಯರ ಹಂಚಿಕೆಯೇ ಬೇರೆ. ಹೀಗಾಗಿ ಮನುಷ್ಯರ ಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆಲ್ಫಾಟ್ರ್ಯಾಕ್‌ನಂಥ ಪ್ರಾಣಿಗಳ ಮೀಟರ್ ಸಿಕ್ಕಿದರೆ ಒಳ್ಳೆಯದು. ರಕ್ತದ ಹನಿ ತಾಗಿಸುವ ಸ್ಟ್ರಿಪ್ ದುಬಾರಿಯೆಂದು ದಿನಕ್ಕೊಂದೇ ಸಲ ನೋಡುವಂತಾಗುವುದಾದರೆ ಮನುಷ್ಯರದ್ದನ್ನೇ ಕೊಳ್ಳಿ, ಯಾವ ಮೀಟರಿನ ಅಂಕಿ ಎಂದು ವೈದ್ಯರಿಗೆ ತಿಳಿಸಿ, ಮಧ್ಯದಲ್ಲಿ ಬದಲಿಸಬೇಡಿ.

ಕಿವಿ ಚುಚ್ಚಿದರೆ ನೋವಾಗುತ್ತದೆ, ಆಸ್ಪತ್ರೆಯಲ್ಲೇ ನೋಡಿಸಿದರೆ ಆಗದೇ ಎಂದೂ ಬರೆದಿದ್ದೀರಿ. ಬುಟ್ಟಿ, ಆಟೋ, ನಾಯಿಗಳ ಬೊಗಳಾಟದ ನಡುವೆ ಬರುವ ಅಂಕಿಯಲ್ಲಿ ಹೆದರಿಕೆಯೂ ಸೇರಿರುತ್ತದೆ, ಅದನ್ನು ನಂಬಿ ಡೋಸ್ ಏರಿಸಿದರೂ ಆಪತ್ತೇ. ಕಾಲುಚೀಲಕ್ಕೆ ಅಕ್ಕಿ ತುಂಬಿ ಉಗುರುಬೆಚ್ಚಗೆ ಮಾಡಿ ಅರ್ಧ ನಿಮಿಷ ಕಿವಿಗೆ ಒತ್ತಿ. ಕಿವಿಯ ಹಿಂದೆ ಟಾರ್ಚ್ ಹಿಡಿದರೆ ಅಂಚಿನುದ್ದಕ್ಕೂ ಎಳೆಯಂಥ ರಕ್ತನಾಳ ಕಾಣುತ್ತದೆ. ತೆಳ್ಳಗೆ ವ್ಯಾಸಲೀನ್ ಸವರಿ (ರಕ್ತ ಕೂದಲಿಗೆ ಹರಡದೆ ಮಣಿಯಂತೆ ನಿಲ್ಲುತ್ತದೆ), ಹಿಂದೆ ಮಡಿಸಿದ ಹತ್ತಿ ಇಟ್ಟು, ರಕ್ತನಾಳದ ಪಕ್ಕದಲ್ಲೇ ಅಂಚಿಗೆ ಚುಚ್ಚಿ. ಸ್ಟ್ರಿಪ್ ತಾನೇ ಹನಿಯನ್ನು ಹೀರಿಕೊಳ್ಳುತ್ತದೆ. ಆಮೇಲೆ ಹತ್ತಿಯಿಂದ ಸ್ವಲ್ಪ ಹೊತ್ತು ಅದುಮಿ ಹಿಡಿದು, ಖಾರ ಉಪ್ಪು ಹಾಕದೆ ಬೇಯಿಸಿದ ಕೋಳಿಯ ಚೂರು ಕೊಡಿ. ಮೊದಲ ವಾರ ನನ್ನ ಕೈ ನಡುಗುತ್ತಿತ್ತು, ಮೂರನೆಯ ವಾರಕ್ಕೆ ಮೀಟರಿನ ಡಬ್ಬಿ ತೆರೆಯುವ ಸದ್ದು ಕೇಳಿದರೆ ಗುಂಡನೇ ಬಂದು ಕೂರುತ್ತಿದ್ದ.

ಆಸ್ಪತ್ರೆಯಿಂದ ಬಂದ ಮೇಲೆ ಅವನು ಮತ್ತೆ ಒಂದು ಯೂನಿಟ್ಟಿನಿಂದ ಶುರುಮಾಡಿದ. ಒಣ ಕಾಳಿನ ಬದಲು ಪಿಷ್ಟ ಕಡಿಮೆಯಿರುವ ಮೆತ್ತನೆಯ ಆಹಾರಕ್ಕೆ ಬಂದ. ಐದನೆಯ ತಿಂಗಳಲ್ಲಿ ಮಧ್ಯಾಹ್ನದ ಅಂಕಿ 70ರ ಆಸುಪಾಸಿಗೆ ಇಳಿದದ್ದನ್ನು ಕಂಡು ವೈದ್ಯರು ಡೋಸನ್ನು ಅರ್ಧಕ್ಕಿಳಿಸಿ, ಆಮೇಲೆ ನಿಲ್ಲಿಸಿಯೇಬಿಟ್ಟರು. ಬೆಕ್ಕುಗಳಲ್ಲಿ ಹೀಗೆ ಇನ್ಸುಲಿನ್ ಬೇಡವಾಗುವುದುಂಟು, ಆಗ ಹಳೆಯ ಡೋಸನ್ನೇ ಕೊಡುತ್ತಿದ್ದರೆ ಅದೇ ವಿಷವಾಗುತ್ತದೆ.

ನೀವು ಮನೆಯಲ್ಲಿರುವ ಮೊದಲ ರಜೆಯಂದು ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಎರಡು ಗಂಟೆಗೊಮ್ಮೆ ನೋಡಿ, ಏಳು ಅಂಕಿಗಳನ್ನೂ ಹೊತ್ತಿನ ಸಮೇತ ಒಂದೇ ಹಾಳೆಯಲ್ಲಿ ಬರೆದು ವೈದ್ಯರಿಗೆ ಕಳಿಸಿ. ಅವರು ಹೇಳುವವರೆಗೆ ಡೋಸ್ ಮುಟ್ಟಬೇಡಿ. ಅಂದು 60ಕ್ಕಿಂತ ಕೆಳಗೆ ಬಂದರೆ ಹಾಳೆ ಮುಗಿಯಲಿ ಎಂದು ಕಾಯದೆ ಕೂಡಲೇ ಫೋನ್ ಮಾಡಿ; ಜೇನಿನ ಬಾಟಲಿಯನ್ನು ಮೀಟರಿನ ಪಕ್ಕದಲ್ಲೇ ಇಟ್ಟುಕೊಂಡಿರಿ.